ನೆಲ ಡೊಂಕು ಅನ್ನಬಾರದು

ನವೆಂಬರಿನಲ್ಲಿ ಬದರಿನಾಥನ ಬಾಗಿಲು ಮುಚ್ಚುತ್ತಾರೆ. ಶಂಕರಾಚಾರ್ಯರ ಗದ್ದುಗೆ ಮೆರವಣಿಗೆಯಲ್ಲಿ ಬೆಟ್ಟ ಇಳಿದು ಜೋಶಿಮಠದ ನರಸಿಂಹ ದೇವಸ್ಥಾನಕ್ಕೆ ಬರುತ್ತದೆ. ಬೇಸಿಗೆಯವರೆಗೆ ಅಲ್ಲೇ ಬಿಡಾರ. ದೇವರ ಪರಿವಾರವೇ ಗಂಟುಮೂಟೆ ಕಟ್ಟಿಕೊಂಡು ಇಳಿದು ಬಂದಮೇಲೆ ಚಳಿಗಾಲದಲ್ಲಿ ಮೇಲೆ ನಮಗೇನು ಕೆಲಸ ಎಂದು ಹಿಂದಿನವರು ಕಂಬಳಿ ಹೊದ್ದು ಕೂತರು. ಈಗಿನವರು ಅದೇ ವಾರ ಮೊಬೈಲು ತೆರೆದು ಔಲಿಯಲ್ಲಿ ರೂಮು ಹುಡುಕುತ್ತಾರೆ. ದೇವರು ಇಳಿದು ಬಂದು ಕೂತ ಊರಿನ ಮಧ್ಯದಿಂದಲೇ ಟೆಂಪೊ ಟ್ರಾವೆಲರ್‌ಗಳು ಗೇರು ಬದಲಿಸುತ್ತಾ ಮೇಲೆ ಹತ್ತುತ್ತವೆ.

ಉತ್ತರಾಖಂಡದ ಚಮೋಲಿ ಜಿಲ್ಲೆಯ ಜೋಶಿಮಠ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಅದರ ನೆತ್ತಿಯ ಮೇಲೆ 2,500ರಿಂದ 3,000 ಮೀಟರಿನವರೆಗೆ ಹಬ್ಬಿದ ಇಳಿಜಾರೇ ಔಲಿ. ಓಕ್ ಮತ್ತು ದೇವದಾರು ಕಾಡು, ಅದರ ಮೇಲೆ ಬುಗ್ಯಾಲ್ ಎಂದು ಕರೆಯುವ ಹುಲ್ಲುಗಾವಲು, ಎದುರಿಗೆ 7,816 ಮೀಟರಿನ ನಂದಾದೇವಿ. ಗಡಿ ಕಾಯುವ ಐಟಿಬಿಪಿ ಯೋಧರು ಹಿಮದ ಮೇಲೆ ಸ್ಕೀ ಕಲಿಯುವುದು ಇಲ್ಲೇ. ಅವರಿಗೆ ಅದು ಹೊಟ್ಟೆಪಾಡು, ಉಳಿದವರಿಗೆ ರೀಲ್ಸು.

ಔಲಿಗೆ 'ಭಾರತದ ಸ್ವಿಟ್ಜರ್ಲೆಂಡ್' ಎಂಬ ಬಿರುದಿದೆ. ನಮ್ಮ ದೇಶದಲ್ಲಿ ಎಷ್ಟು ಸ್ವಿಟ್ಜರ್ಲೆಂಡ್‌ಗಳಿವೆ ಎಂದು ಯಾವ ಜನಗಣತಿಯೂ ಹೇಳಿಲ್ಲ. ನಾವೂ ಸುಮ್ಮನೆ ಕೂತವರಲ್ಲ. ಕೊಡಗನ್ನು ಸ್ಕಾಟ್ಲೆಂಡಿಗೆ ಬರೆದುಕೊಟ್ಟು ವರ್ಷಗಳಾದವು. ಬಿರುದು ಕೊಡುವುದರಲ್ಲಿ ಒಂದು ಅನುಕೂಲವಿದೆ. ಊರು ಈಗ ಇರುವ ಹಾಗೇ ಸಾಲದು ಎಂದು ಹೇಳಿದಂತಾಗುತ್ತದೆ, ಹೇಳಿದ್ದು ಹೊಗಳಿಕೆಯಂತೆಯೂ ಕೇಳಿಸುತ್ತದೆ. ಒಮ್ಮೆ ಸ್ವಿಟ್ಜರ್ಲೆಂಡ್ ಎಂದು ಬೋರ್ಡು ಹಾಕಿದ ಮೇಲೆ ಅಲ್ಲಿ ಇರುವುದೆಲ್ಲ ಕೊರತೆಯೇ: ರಸ್ತೆ ಸಾಲದು, ಹೋಟೆಲು ಸಾಲದು, ಕಡೆಗೆ ಹಿಮವೂ ಸಾಲದು.

ಹಿಮದ ವಿಷಯಕ್ಕೆ ಬರುವ ಮೊದಲು ಬಾಡಿಗೆ ಅಂಗಡಿಯೊಳಗೆ ಒಂದು ಹೆಜ್ಜೆ ಇಡಬೇಕು. ಬೆಟ್ಟದ ಪ್ರವಾಸೋದ್ಯಮದ ಹೃದಯ ಇರುವುದು ರೆಸಾರ್ಟಿನಲ್ಲಲ್ಲ, ಈ ಗಂಬೂಟಿನ ಅಂಗಡಿಯಲ್ಲಿ. ಎಡಗಾಲಿನದು ಎಂಟು ನಂಬರು, ಬಲಗಾಲಿನದು ಒಂಬತ್ತು. "ಹಿಮದಲ್ಲಿ ಕಾಲು ಊದಿಕೊಳ್ಳುತ್ತೆ ಸಾಬ್, ಸರಿಹೋಗುತ್ತೆ" ಎಂದು ಹುಡುಗ ಸಮಾಧಾನ ಹೇಳುತ್ತಾನೆ. ಒಳಗೆ ಹಿಂದಿನ ಬಾಡಿಗೆದಾರನ ಕಾಲುಚೀಲದ ತೇವ ಇನ್ನೂ ಆರಿಲ್ಲ. ಜಾಕೆಟ್ಟಿಗೆ ಮ್ಯಾಗಿ ಮಸಾಲೆಯ ವಾಸನೆ. ಅದರ ಜೇಬಿನಲ್ಲಿ ಯಾರೋ ಇಂದೋರಿನವರು ತಿಂದು ಬಿಟ್ಟ ಹುಣಸೆ ಚಾಕೊಲೇಟಿನ ಕಾಗದ. ಅದನ್ನೇ ತೊಟ್ಟು, ಕಪ್ಪು ಕನ್ನಡಕ ಏರಿಸಿ, ಸ್ಕೀ ಕೋಲುಗಳನ್ನು ಊರಿ ನಿಂತರೆ ಫೋಟೋದಲ್ಲಿ ಆಲ್ಪ್ಸ್. ಫೋಟೋ ತೆಗೆದ ಮೇಲೆ ಸ್ಕೀ ಮಾಡಲೇಬೇಕೆಂಬ ಕಾನೂನೇನೂ ಇಲ್ಲ.

"ರೀ, ಸ್ನೋ ಎಲ್ಲಿ?"

"ಮೇಲಿದೆಯಂತೆ ಕಣೇ."

"ಮೇಲಿಂದ ಬಂದೋರು ಕೆಳಗಡೆ ನೋಡ್ಕೊಳ್ಳಿ ಅಂತಿದಾರಲ್ರೀ."

"ಹಾಗಿದ್ರೆ ಮಧ್ಯದಲ್ಲಿರಬೇಕು. ಅದಕ್ಕೇ ಚೇರ್‌ಲಿಫ್ಟ್ ಟಿಕೆಟ್ ತಗೊಂಡಿದ್ದು, ಸುಮ್ನಿರು."

ಈ ದಂಪತಿಯನ್ನು ನೋಡಿ ನಗುವುದು ಬೇಡ. ದೇಶದ ಕ್ರೀಡಾಡಳಿತವೂ ಇದೇ ಪ್ರಶ್ನೆ ಕೇಳಿಕೊಂಡು ವಾಪಸು ಹೋದ ಜಾಗ ಇದು. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ ಮಾನ್ಯ ಮಾಡಿದ ಇಳಿಜಾರು ಔಲಿಯಲ್ಲಿದೆ. ಮಾನ್ಯತೆ ಇಳಿಜಾರಿಗೆ ಸಿಕ್ಕಿದ್ದು, ಅದರ ಮೇಲೆ ಬೀಳಬೇಕಾದ ಹಿಮಕ್ಕೆ ಯಾರೂ ಪತ್ರ ಬರೆದಿರಲಿಲ್ಲ. 2018ರ ಜನವರಿಗೆ ನಿಗದಿಯಾಗಿದ್ದ ಅಂತರರಾಷ್ಟ್ರೀಯ ಸ್ಪರ್ಧೆ ಹಿಮವಿಲ್ಲದೆ ರದ್ದಾಯಿತು. 2023ರ ಫೆಬ್ರುವರಿಯಲ್ಲೂ ಅದೇ ಕಥೆ. ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಇರಾನು, ಅಫ್ಗಾನಿಸ್ತಾನ ದಾಟಿ ಬರುವ ಪಶ್ಚಿಮದ ಮಾರುತಗಳು. ಅಷ್ಟು ದೂರದಿಂದ, ಅಷ್ಟು ಗಡಿ ದಾಟಿ ಬರುವವು ನಮ್ಮ ಉದ್ಘಾಟನೆಯ ಮುಹೂರ್ತಕ್ಕೆ ಸರಿಯಾಗಿ ತಲುಪಬೇಕೆಂದು ಬಯಸುವುದೇ ದೊಡ್ಡ ಧೈರ್ಯ. ಮುಖ್ಯ ಅತಿಥಿಗಳೇ ಎರಡು ತಾಸು ತಡವಾಗಿ ಬರುವ ದೇಶ ನಮ್ಮದು.

ಇದನ್ನು ಮೊದಲೇ ಊಹಿಸಿದ್ದ ಜಾಣರೂ ಇದ್ದರು. 2011ರ ಜನವರಿಯಲ್ಲಿ ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆಯಿತು. ಮಂಜುಗಡ್ಡೆಯ ಆಟ ಡೆಹ್ರಾಡೂನಿನಲ್ಲಿ, ಹಿಮದ ಆಟ ಔಲಿಯಲ್ಲಿ. ಅದಕ್ಕೆಂದು ಕೋಟಿಗಟ್ಟಲೆ ಸುರಿದು ಹಿಮ ಮಾಡುವ ಯಂತ್ರಗಳನ್ನು ಹೊರದೇಶದಿಂದ ತರಿಸಿದರು. ಯಂತ್ರಕ್ಕೆ ನೀರು ಬೇಕಲ್ಲ, ಬೆಟ್ಟದ ಮೇಲೊಂದು ಕೆರೆ ತೋಡಿದರು. ಯಂತ್ರ ಮಾಡುವುದಿಷ್ಟು: ನೀರನ್ನು ಗಾಳಿಯ ಒತ್ತಡದಲ್ಲಿ ಸಣ್ಣ ತುಂತುರಾಗಿ ಹಾರಿಸುತ್ತದೆ, ಅದು ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟಬೇಕು. ಹೆಪ್ಪುಗಟ್ಟಬೇಕಾದರೆ ಸುತ್ತಲಿನ ಗಾಳಿ ಒಣಗಿರಬೇಕು, ಸೊನ್ನೆಗಿಂತ ತಣ್ಣಗಿರಬೇಕು. ಅಂದರೆ ಚಳಿ ಸಾಲದ ವರ್ಷಕ್ಕೆಂದು ತಂದ ಯಂತ್ರ ತಾನು ಓಡಲು ಚಳಿಯನ್ನೇ ಕೇಳುತ್ತದೆ. ಚಳಿಯಿಲ್ಲದಿದ್ದರೆ ಅದರಿಂದ ಬರುವುದು ಮಳೆ. ಕೋಟಿ ಖರ್ಚಿನ ತುಂತುರು ನೀರಾವರಿ. ನಮ್ಮ ಕೋಲಾರದ ರೈತರು ಇದಕ್ಕಿಂತ ಅಗ್ಗದಲ್ಲಿ ಮಾಡಿಕೊಂಡಿದ್ದಾರೆ. ಕೂಟ ಮುಗಿದ ಮೇಲೆ ಯಂತ್ರಗಳು ಕೆಟ್ಟು ನಿಂತವು ಎಂಬ ಸುದ್ದಿ ವರ್ಷ ಬಿಟ್ಟು ವರ್ಷ ಪತ್ರಿಕೆಯಲ್ಲಿ ಬರುತ್ತಲೇ ಇತ್ತು. ಡೆಹ್ರಾಡೂನಿನ ಐಸ್ ರಿಂಕಿಗೂ ಬಹುಕಾಲ ಬೀಗ. ಕೆರೆ ಮಾತ್ರ ಉಳಿಯಿತು. ಅದರ ದಂಡೆಯಲ್ಲಿ ಸೆಲ್ಫಿ ತೆಗೆದುಕೊಳ್ಳಲು ಚಳಿ ಬೇಕಿಲ್ಲ.

ಯುರೋಪಿನವರನ್ನು ನೋಡಿ ಕಲಿಯಬೇಕು ಎನ್ನುವವರಿಗೆ ಒಂದು ಸಮಾಧಾನವಿದೆ, ಅವರೂ ನಮ್ಮಷ್ಟೇ ಮುಂದುವರಿದಿದ್ದಾರೆ. 2020ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಲುಶೋನ್-ಸೂಪರ್‌ಬಾನ್ಯೇರ್ ಎಂಬ ಸ್ಕೀ ಊರಿನಲ್ಲಿ ಹಿಮ ಕಡಿಮೆಯಾಯಿತೆಂದು ಬೆಟ್ಟದ ಮೇಲಿನಿಂದ 50 ಟನ್ ಹಿಮವನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ತಂದು ಕೆಳಗೆ ಸುರಿದರು. ಹಿಮ ಕರಗಿದ್ದಕ್ಕೆ ಹೊಗೆ ಕಾರಣವೆಂದು ಗೊತ್ತಾದ ಮೇಲೆ ಹೊಗೆಯುಗುಳುವ ಹೆಲಿಕಾಪ್ಟರನ್ನೇ ಪರಿಹಾರಕ್ಕೆ ಕಳಿಸುವುದು ಸಾಮಾನ್ಯರಿಗೆ ಹೊಳೆಯುವ ಉಪಾಯವಲ್ಲ. 2022ರ ಬೀಜಿಂಗ್ ಒಲಿಂಪಿಕ್ಸಂತೂ ಬಹುತೇಕ ಪೂರ್ತಿಯಾಗಿ ಯಂತ್ರದ ಹಿಮದ ಮೇಲೇ ನಡೆಯಿತು.

ಇದರ ನಡುವೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕ್ರಾಸ್-ಕಂಟ್ರಿ ಸ್ಕೀಯಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಕಾಫಿ ಹೂವು ಬಿಟ್ಟಾಗಷ್ಟೇ ಬೆಳ್ಳಗಾಗುವ ನೆಲದ ಹೆಣ್ಣುಮಗಳು ಹಿಮದಲ್ಲಿ ಗೆದ್ದು ಬಂದಳು. ನಮ್ಮ ಸರ್ಕಾರದ ಕಿವಿಗೆ ಇದು ಸರಿಯಾಗಿ ಬೀಳದಿರಲಿ ಎಂಬುದೇ ನನ್ನ ಪ್ರಾರ್ಥನೆ. ಬಿದ್ದರೆ ಮಡಿಕೇರಿಯ ರಾಜಾಸೀಟಿನಲ್ಲಿ ಹಿಮಯಂತ್ರಕ್ಕೆ ಗುದ್ದಲಿಪೂಜೆ ಆಗಿಬಿಡುತ್ತದೆ.

ಹಿಮವಿಲ್ಲದ ತಿಂಗಳಲ್ಲಿ ಔಲಿಯನ್ನು ಏನು ಮಾಡುವುದು? ಈ ಪ್ರಶ್ನೆಗೆ 2019ರ ಜೂನಿನಲ್ಲಿ ಉತ್ತರ ಸಿಕ್ಕಿತು: ಮದುವೆ. ಸಹಾರನ್‌ಪುರದಿಂದ ಹೋಗಿ ದಕ್ಷಿಣ ಆಫ್ರಿಕಾದಲ್ಲಿ ಸಾಮ್ರಾಜ್ಯ ಕಟ್ಟಿ, ಅಲ್ಲಿ ಭ್ರಷ್ಟಾಚಾರದ ಆರೋಪ ಹೊತ್ತು ಹೊರಬಿದ್ದ ಗುಪ್ತಾ ಸಹೋದರರ ಇಬ್ಬರು ಗಂಡುಮಕ್ಕಳ ಮದುವೆ. ಖರ್ಚು 200 ಕೋಟಿ ಎಂದು ಪತ್ರಿಕೆಗಳು ಬರೆದವು. ಹೂವು ಸ್ವಿಟ್ಜರ್ಲೆಂಡಿನಿಂದ ಬಂತಂತೆ; ಭಾರತದ ಸ್ವಿಟ್ಜರ್ಲೆಂಡಿನಲ್ಲಿ ಹೂವಿಗೂ ಕೊರತೆ ಎಂದು ಅಲ್ಲಿಗೆ ಸಾಬೀತಾಯಿತು. ಹೂಕಣಿವೆ ಅದೇ ಜಿಲ್ಲೆಯಲ್ಲಿದೆ, ಯುನೆಸ್ಕೊ ಪಟ್ಟಿಯಲ್ಲೂ ಇದೆ, ಆದರೆ ಅಲ್ಲಿನ ಹೂವನ್ನು ಕೀಳುವ ಹಾಗಿಲ್ಲವಲ್ಲ. ಸಿನಿಮಾದವರು ಬಂದರು, ಯೋಗ ಗುರುಗಳು ಬಂದು ಆಸನ ಹಾಕಿಸಿದರು, ಮುಖ್ಯಮಂತ್ರಿಗಳೂ ಬಂದು ಹರಸಿದರು. ರಾಜ್ಯಕ್ಕೆ 'ಡೆಸ್ಟಿನೇಶನ್ ವೆಡ್ಡಿಂಗ್' ಭಾಗ್ಯ ಬಂತೆಂಬ ಸಂಭ್ರಮ.

ಅದಕ್ಕೆ ಹಿಂದಿನ ವರ್ಷವಷ್ಟೇ, 2018ರ ಆಗಸ್ಟಿನಲ್ಲಿ, ನೈನಿತಾಲಿನ ಹೈಕೋರ್ಟು ಬುಗ್ಯಾಲ್‌ಗಳಲ್ಲಿ ಯಾರೂ ರಾತ್ರಿ ತಂಗಬಾರದೆಂದು ಆದೇಶಿಸಿತ್ತು. ಬೆನ್ನಿಗೆ ಚೀಲ ಹಾಕಿಕೊಂಡು ಬರುವ ಚಾರಣದ ಹುಡುಗರ ಡೇರೆಯಿಂದ ಹುಲ್ಲಿಗೆ ನೋವಾಗುತ್ತದೆ, ನಿಜವೇ. ಮದುವೆಯ ಚಪ್ಪರಕ್ಕೆ ಮಾತ್ರ ಔಲಿಯಲ್ಲಿ ಜಾಗ ಸಿಕ್ಕಿತು. ಯಾವುದು ಹುಲ್ಲುಗಾವಲು, ಯಾವುದು ಕಲ್ಯಾಣಮಂಟಪ ಎಂಬುದನ್ನು ಊರಿನ ಹಸುಗಳನ್ನು ಕೇಳಿದ್ದರೆ ಒಂದೇ ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು. ಅವಕ್ಕೆ ಆಮಂತ್ರಣ ಇರಲಿಲ್ಲ. ಹೈಕೋರ್ಟು ಹೆಲಿಕಾಪ್ಟರ್ ಇಳಿಸುವುದಕ್ಕೆ ತಡೆ ಹಾಕಿತು, ಮೂರು ಕೋಟಿ ರೂಪಾಯಿ ಠೇವಣಿ ಇಡಿಸಿತು. 200 ಕೋಟಿಯ ಮದುವೆಯಲ್ಲಿ ಮೂರು ಕೋಟಿಯೆಂದರೆ ಮುಯ್ಯಿಯ ಲೆಕ್ಕ. ಮದುವೆ ಮುಗಿದ ಮೇಲೆ ನೂರಾರು ಕ್ವಿಂಟಾಲ್ ಕಸ ಉಳಿಯಿತು. ಅದನ್ನು ಹೆಕ್ಕಿದ್ದು ಜೋಶಿಮಠದ ಪೌರಕಾರ್ಮಿಕರು. ಹುಚ್ಚು ಮದುವೆಯಲ್ಲಿ ಉಂಡವನೇ ಜಾಣ ಎನ್ನುತ್ತಾರೆ. ಎಲೆ ಎತ್ತಿದವನ ಬಗ್ಗೆ ಗಾದೆ ಏನನ್ನೂ ಹೇಳುವುದಿಲ್ಲ.

ಇಷ್ಟು ಹೊತ್ತು ಮೇಲಿದ್ದದ್ದು ಸಾಕು, ಕೆಳಗಿಳಿಯೋಣ. ಔಲಿಗೆ ಜಾರಲು ಬರುವವರೆಲ್ಲ ದಾಟಿ ಬರುವ ಜೋಶಿಮಠವೇ ಜಾರುತ್ತಿದೆ. ಅದಕ್ಕೆ ಟಿಕೆಟ್ಟಿಲ್ಲ, ಗಂಬೂಟೂ ಬೇಕಿಲ್ಲ, ಮನೆಯೊಳಗೆ ಮಲಗಿದ್ದರೂ ಸಾಕು.

ಈ ಊರು ಕೂತಿರುವುದು ಬಂಡೆಯ ಮೇಲಲ್ಲ, ಯಾವುದೋ ಕಾಲದಲ್ಲಿ ಕುಸಿದು ಬಿದ್ದ ಬೆಟ್ಟದ ಮರಳು-ಕಲ್ಲಿನ ಗುಡ್ಡೆಯ ಮೇಲೆ. ಇದನ್ನು ಹೇಳಿದ್ದು ನಿನ್ನೆ ಮೊನ್ನೆಯ ಪರಿಸರವಾದಿಗಳಲ್ಲ. ಗಢವಾಲದ ಕಮಿಷನರ್ ಆಗಿದ್ದ ಎಂ. ಸಿ. ಮಿಶ್ರಾ ನೇತೃತ್ವದ ಸರ್ಕಾರಿ ಸಮಿತಿ 1976ರಲ್ಲೇ ವರದಿ ಕೊಟ್ಟಿತು. ಭಾರಿ ಕಟ್ಟಡ ಬೇಡ, ಸಿಡಿಮದ್ದು ಬೇಡ, ಇಳಿಜಾರಿನ ಬಂಡೆ ಕೀಳಬೇಡಿ, ಮರ ಕಡಿಯಬೇಡಿ, ನೀರು ನೆಲಕ್ಕೆ ಇಂಗದಂತೆ ಪಕ್ಕಾ ಚರಂಡಿ ಮಾಡಿ ಎಂದಿತು. ವರದಿಯನ್ನು ಎಷ್ಟು ಜೋಪಾನ ಮಾಡಿದರೆಂದರೆ, ಯಾರೂ ತೆರೆದು ಕೊಳೆ ಮಾಡಲಿಲ್ಲ. ಬೇಡ ಎಂದ ಒಂದೊಂದನ್ನೂ ಮಾಡಿದರು. ಮಾಡಿ ಎಂದ ಚರಂಡಿಯೊಂದನ್ನು ಬಿಟ್ಟರು. ಹೋಟೆಲುಗಳ ಬಚ್ಚಲ ನೀರು, ಶೌಚದ ಗುಂಡಿಯ ನೀರು, ಮೇಲಿನಿಂದ ಹರಿದು ಬರುವ ಮಳೆನೀರು ಎಲ್ಲ ಅದೇ ಸಡಿಲ ನೆಲದೊಳಗೆ ಇಳಿಯುತ್ತಾ ಹೋಯಿತು.

ವರದಿ ಓದದಿದ್ದರೆ ಬೇಡ, ದೇವಸ್ಥಾನದಲ್ಲಿ ಕೇಳಿಸಿಕೊಳ್ಳಬಹುದಿತ್ತು. ನರಸಿಂಹನ ಮೂರ್ತಿಯ ಒಂದು ಕೈ ವರ್ಷವರ್ಷಕ್ಕೆ ತೆಳ್ಳಗಾಗುತ್ತಿದೆ, ಅದು ಮುರಿದು ಬಿದ್ದ ದಿನ ಜಯ-ವಿಜಯ ಬೆಟ್ಟಗಳು ಕೂಡಿಕೊಂಡು ಬದರಿಯ ದಾರಿ ಮುಚ್ಚುತ್ತದೆ ಎಂಬ ನಂಬಿಕೆ ಅಲ್ಲಿದೆ. ಬೆಟ್ಟ ಕುಸಿಯುತ್ತದೆ ಎಂಬುದನ್ನು ಪುರಾಣವೂ ಹೇಳಿತು, ಸಮಿತಿಯೂ ಹೇಳಿತು. ಭಕ್ತರು ಕೈಯ ದಪ್ಪ ನೋಡಿ ನಮಸ್ಕಾರ ಹಾಕುತ್ತಾರೆ. ಹಾಕಿ, ಹೊರಗೆ ಬಂದು, ನಾಲ್ಕನೆಯ ಮಹಡಿಗೆ ಸಿಮೆಂಟು ಕಲಸುತ್ತಾರೆ.

ಊರಿನ ಕೆಳಗೆ ವಿಷ್ಣುಪ್ರಯಾಗದಲ್ಲಿ ಧೌಲಿಗಂಗೆ ಅಲಕನಂದೆಯನ್ನು ಸೇರುತ್ತದೆ. ಧೌಲಿಗಂಗೆಯ ಮೇಲೆ ತಪೋವನ-ವಿಷ್ಣುಗಡ ಜಲವಿದ್ಯುತ್ ಯೋಜನೆ. 2009ರ ಡಿಸೆಂಬರಿನಲ್ಲಿ ಅದರ ಸುರಂಗ ಕೊರೆಯುವ ಯಂತ್ರ ನೆಲದೊಳಗಿನ ಜಲಪದರಕ್ಕೆ ತೂತು ಮಾಡಿ, ಸೆಕೆಂಡಿಗೆ 700ರಿಂದ 800 ಲೀಟರ್ ನೀರು ಹೊರಚೆಲ್ಲಿತು. ಜೋಶಿಮಠಕ್ಕೆ ಅಪಾಯ ಕಾದಿದೆ ಎಂದು 2010ರಲ್ಲೇ ವಿಜ್ಞಾನಿಗಳು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಆ ಪತ್ರಿಕೆ ಹೊರಡುವುದು ನಮ್ಮ ಬೆಂಗಳೂರಿನಿಂದ. ಎಚ್ಚರಿಕೆಯನ್ನು ಅಚ್ಚು ಹಾಕಿ ಕಳಿಸುವುದರಲ್ಲಿ ನಮ್ಮೂರು ಹಿಂದೆ ಬಿದ್ದಿಲ್ಲ. 2021ರ ಫೆಬ್ರುವರಿ 7ರಂದು ರೋಂಟಿ ಶಿಖರದಿಂದ ಬಂಡೆ ಮತ್ತು ನೀರ್ಗಲ್ಲು ಕಳಚಿಬಿದ್ದು ಬಂದ ಪ್ರವಾಹ ಈ ಕಣಿವೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಅದರಲ್ಲಿ ಬಹಳ ಮಂದಿ ಇದೇ ಯೋಜನೆಯ, ಇಂಥದೇ ಇನ್ನೊಂದು ಯೋಜನೆಯ ಕೂಲಿಯವರು. ಅದರ ಬಗ್ಗೆ ನಗೆಮಾತು ಬೇಡ. ಪ್ರವಾಹದ ದಾರಿಯಲ್ಲಿದ್ದ ರೈಣಿ ಹಳ್ಳಿಯಲ್ಲೇ 1974ರಲ್ಲಿ ಗೌರಾದೇವಿ ಮತ್ತು ಊರ ಹೆಂಗಸರು ಮರ ಕಡಿಯಲು ಬಂದವರಿಗೆ ಅಡ್ಡ ನಿಂತಿದ್ದರು ಎಂಬುದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಮ್ಮ ಸುರಂಗಕ್ಕೂ ಊರಿನ ಕುಸಿತಕ್ಕೂ ಸಂಬಂಧವಿಲ್ಲ, ಸುರಂಗ ಊರಿನ ಕೆಳಗೆ ಹಾದುಹೋಗುವುದೇ ಇಲ್ಲ ಎಂದು ಯೋಜನೆಯ ಕಂಪನಿ ಎನ್‌ಟಿಪಿಸಿ ಹೇಳಿತು. ಊರಿನವರು ನಂಬಲಿಲ್ಲ. ಮನೆಬಾಗಿಲಿಗೆಲ್ಲ 'ಗೋ ಬ್ಯಾಕ್' ಚೀಟಿ ಅಂಟಿಸಿದರು. ಒಡೆಯುತ್ತಿರುವ ಗೋಡೆಯ ಮೇಲೆ ಚೀಟಿ ಅಂಟಿಸುವ ಕಷ್ಟ ಅಂಟಿಸಿದವರಿಗೇ ಗೊತ್ತು.

2023ರ ಜನವರಿ ಹೊತ್ತಿಗೆ 868 ಕಟ್ಟಡಗಳಲ್ಲಿ ಬಿರುಕು ಲೆಕ್ಕಕ್ಕೆ ಸಿಕ್ಕಿತು, 181 ವಾಸಕ್ಕೆ ಅಪಾಯವೆಂದಾಯಿತು. ಅಂಥ ಮನೆಗಳ ಮೇಲೆ ಅಧಿಕಾರಿಗಳು ಕೆಂಪು ಬಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಬರೆದು ಹೋದರು. ಮನೆಯವರ ಕಡೆಯಿಂದ ನೋಡಿ: ಅಡುಗೆಮನೆಯ ಗೋಡೆಯಲ್ಲಿ ಕೈ ತೂರುವಷ್ಟು ಸೀಳು, ಕಿಟಕಿ ಚೌಕಟ್ಟು ಓರೆಯಾಗಿ ಅಗುಳಿ ಕೂರುವುದಿಲ್ಲ, ಮಂಚದ ಕಾಲಿಗೆ ಇಟ್ಟಿಗೆ ಚೂರು ಕೊಟ್ಟು ಸಮ ಮಾಡಿದ್ದಾರೆ, ನೆಲದಲ್ಲಿ ಚೆಂಡು ಇಟ್ಟರೆ ಮಗು ಒದೆಯುವ ಮೊದಲೇ ಉರುಳುತ್ತದೆ. ಮಲಾರಿ ಇನ್ ಮತ್ತು ಮೌಂಟ್ ವ್ಯೂ ಎಂಬ ಎರಡು ಹೋಟೆಲುಗಳು ಜೀವಮಾನವಿಡೀ ಗಿರಾಕಿಗಾಗಿ ಪೈಪೋಟಿ ನಡೆಸಿ, ಕಡೆಗಾಲಕ್ಕೆ ಒಂದರ ಮೇಲೊಂದು ಒರಗಿ ನಿಂತವು. ಅವನ್ನು ಕೆಡವಬೇಕಾಯಿತು.

ಇಷ್ಟರಲ್ಲಿ ಇಸ್ರೋ ತನ್ನ ಉಪಗ್ರಹ ಚಿತ್ರ ತೆರೆದು, 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರವರೆಗಿನ 12 ದಿನಗಳಲ್ಲಿ ಊರು 5.4 ಸೆಂಟಿಮೀಟರ್ ಕುಸಿದಿದೆ ಎಂದು ಹೇಳಿಬಿಟ್ಟಿತು. ಸುದ್ದಿ ಹಬ್ಬಿತು. ಆಗ ಸರ್ಕಾರಕ್ಕೆ ಆಘಾತವಾಯಿತು, ಕುಸಿತದಿಂದಲ್ಲ, ಸೆಂಟಿಮೀಟರಿನಿಂದ. ಜನವರಿ 13ರಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಎಲ್ಲ ವೈಜ್ಞಾನಿಕ ಸಂಸ್ಥೆಗಳಿಗೆ ಪತ್ರ ಬರೆದು, ಜೋಶಿಮಠದ ಬಗ್ಗೆ ಮಾಧ್ಯಮಕ್ಕೆ ಮಾತಾಡಬೇಡಿ, ಅಂಕಿ-ಅಂಶ ಹಂಚಬೇಡಿ ಎಂದಿತು. ಇಸ್ರೋದ ವರದಿ ಜಾಲತಾಣದಿಂದ ಮಾಯವಾಯಿತು. ನೆಲ ಕುಸಿಯುವುದನ್ನು ತಡೆಯಲು ವರ್ಷಗಳು ಬೇಕು. ವರದಿಯನ್ನು ಇಳಿಸಲು ಒಂದು ಕ್ಲಿಕ್ಕು ಸಾಕು. ವಿಪತ್ತನ್ನು ನಿರ್ವಹಿಸುವುದು ಎಂದರೆ ಇದೇ ಇರಬೇಕು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜೋಶಿಮಠದಲ್ಲಿ ನೆಲ ನಿಜಕ್ಕೂ ಡೊಂಕು, ಅಳತೆಪಟ್ಟಿ ಹಿಡಿದು ನೋಡಿದವರೂ ಡೊಂಕು ಅಂದರು. ಹಾಗನ್ನಕೂಡದು, ಕುಣಿತ ಚೆನ್ನಾಗಿ ನಡೆಯುತ್ತಿದೆ ಎಂದು ಆಜ್ಞೆಯಾಯಿತು. ಆ ತಿಂಗಳು ಮುಖ್ಯಮಂತ್ರಿ ಧಾಮಿಯವರು ಜೋಶಿಮಠದ ಶೇಕಡಾ 65ರಿಂದ 70ರಷ್ಟು ಜನ ಸಾಮಾನ್ಯ ಜೀವನ ನಡೆಸುತ್ತಿದ್ದಾರೆ, ಇನ್ನು ನಾಲ್ಕು ತಿಂಗಳಲ್ಲಿ ಚಾರ್‌ಧಾಮ್ ಯಾತ್ರೆ ಶುರು ಎಂದರು. ಪರೀಕ್ಷೆಯಲ್ಲಾದರೆ 65 ಎಂದರೆ ಫಸ್ಟ್ ಕ್ಲಾಸು. ಉಳಿದ ಮೂವತ್ತೈದರಲ್ಲಿದ್ದವರು ಆಗ ಹೋಟೆಲ್ ರೂಮಿನಲ್ಲಿ, ಶಾಲೆಯ ಕೋಣೆಯಲ್ಲಿ, ನೆಂಟರ ಮನೆಯಲ್ಲಿ ಪಾತ್ರೆಪಗಡಿ ಇಟ್ಟುಕೊಂಡು ಕೂತಿದ್ದರು. ಬೇರೆ ಬೇರೆ ಸಂಸ್ಥೆಗಳು ತಯಾರಿಸಿದ ವರದಿಗಳು ಬೆಳಕು ಕಂಡಿದ್ದು ಹೈಕೋರ್ಟು ಗದರಿದ ಮೇಲೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ಜೋಶಿಮಠದಿಂದ ಔಲಿಗೆ ಹೋಗುತ್ತಿದ್ದ ಸುಮಾರು ನಾಲ್ಕು ಕಿಲೋಮೀಟರಿನ ರೋಪ್‌ವೇ 2023ರ ಜನವರಿಯಲ್ಲೇ ನಿಂತಿತು, ನೆಲ ಬಿರಿದಿದ್ದೇ ಕಾರಣ. ಪ್ರವಾಸಿಗರಿಗೆ ಬಹಳ ನಿರಾಶೆಯಾಯಿತು. ಕುಸಿಯುವ ಊರನ್ನು ಗಾಜಿನ ಡಬ್ಬಿಯಲ್ಲಿ ಕೂತು ಮೇಲಿನಿಂದ ದಾಟಿಬಿಡುವ ಅನುಕೂಲ ತಪ್ಪಿ, ಈಗ ಬಿರುಕು ಬಿಟ್ಟ ಮನೆಗಳ ಪಕ್ಕದಲ್ಲೇ ಟ್ಯಾಕ್ಸಿಯಲ್ಲಿ ಹಾದುಹೋಗಬೇಕು. "ಇದ್ಯಾಕಣ್ಣ ಗೋಡೆ ಮೇಲೆ ಕೆಂಪು ಗುರುತು?" ಎಂದು ಬೆಂಗಳೂರಿನ ಮಗು ಕೇಳಿದರೆ, ಅಣ್ಣನಿಗೆ ನೆಟ್‌ವರ್ಕ್ ಸಿಕ್ಕಿರುತ್ತದೆ, ಕಿವಿ ಕೇಳಿಸುವುದಿಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಎಂದು ಮಾತ್ರ ಯಾರೂ ದೂರುವಂತಿಲ್ಲ. ಶಂಕರಾಚಾರ್ಯರು ಸ್ಥಾಪಿಸಿದ ನಾಲ್ಕು ಪೀಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿ, ಉತ್ತರದ್ದು ಇಲ್ಲಿನ ಜ್ಯೋತಿರ್ಮಠ. ಜನರ ಬಾಯಲ್ಲಿ ಅದೇ ಜೋಶಿಮಠವಾಗಿತ್ತು. 2024ರ ಜೂನಿನಲ್ಲಿ ಕೇಂದ್ರದ ಒಪ್ಪಿಗೆಯೊಂದಿಗೆ ತಹಸೀಲಿನ ಹೆಸರನ್ನು ಅಧಿಕೃತವಾಗಿ ಜ್ಯೋತಿರ್ಮಠ ಎಂದು ಬದಲಿಸಲಾಯಿತು. ಈಗ ಸಾಲಸೋಲ ಮಾಡಿ ಬೇರೆ ಕಡೆ ಬಾಡಿಗೆಗೆ ಹೋದವನೂ ಕೆಂಪು ಗುರುತಿನ ಮನೆಯ ಕಾಗದಪತ್ರ ಹಿಡಿದು ವಿಳಾಸ ತಿದ್ದಿಸಲು ಸಾಲಿನಲ್ಲಿ ನಿಲ್ಲಬೇಕು. ಜಿಲ್ಲೆ ಹಳೆಯದೇ, ಮನೆ ನಂಬರು ಹಳೆಯದೇ, ತಹಸೀಲು ಹೊಸದು. ಮನೆ ನಿಂತ ಜಾಗ ಮಾತ್ರ ಅರ್ಜಿ ಕೊಟ್ಟ ದಿನಕ್ಕೂ ಕಾರ್ಡು ಕೈಗೆ ಬಂದ ದಿನಕ್ಕೂ ಕೆಲವು ಸೆಂಟಿಮೀಟರ್ ಆಚೀಚೆ ಆಗಿರಬಹುದು. ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ.